ವುಡ್‌ಹೌಸ್‌ನ 'ದಿ ಸ್ವೂಪ್' ಓದಿದ್ರೂ ನಗು ಬರ್ತಿಲ್ಲ ಅಂದವರಿಗೆ

ಇಂಗ್ಲಿಷ್ ಹಾಸ್ಯ ಲೇಖಕ ವುಡ್‌ಹೌಸ್‌ನ ಈ ಕಾದಂಬರಿ ಓದಿ, ಒಂಬತ್ತು ಸೈನ್ಯ ಒಂದೇ ಸಲ ಇಂಗ್ಲೆಂಡಿಗೆ ನುಗ್ಗೋದು ಇದೇನು ಕರ್ಮ ಅಂತ ಕೇಳಿದ್ದೀರಲ್ಲ, ಬಹುಶಃ ಅದು ಯಾವುದನ್ನ ಅಣಕಿಸ್ತಿದೆ ಅಂತ ಗೊತ್ತಿಲ್ದೇ ಇರೋದೇ ಪ್ರಾಬ್ಲಂ. ಪುಸ್ತಕ 1909ರದ್ದು, ಆಗ ಅಲ್ಲಿ 'ಜರ್ಮನ್ನರು ಬಂದೇ ಬಿಟ್ರು' ಅಂತ ಹೆದರಿಸೋ ಕಾದಂಬರಿಗಳ ಸುಗ್ಗಿ. ಮೊದಲು ವಿಲಿಯಂ ಲೆ ಕ್ಯೂ ಬರೆದ 'ದಿ ಇನ್ವೇಷನ್ ಆಫ್ 1910' ಶುರುವಿನ ಒಂದೆರಡು ಅಧ್ಯಾಯ ಓದಿ, ನೆಟ್ಟಲ್ಲಿ ಫ್ರೀ ಇದೆ (ಪೂರ್ತಿ ಬೇಡ ಮಾರಾಯ್ರೆ, ತಲೆ ಚಿಟ್ಟು ಹಿಡಿಯುತ್ತೆ). 1906ರಲ್ಲಿ ಡೈಲಿ ಮೇಲ್ ಪೇಪರಲ್ಲಿ ಧಾರಾವಾಹಿಯಾಗಿ ಬಂದಿದ್ದು ಅದು, ಪೇಪರ್ ಜಾಸ್ತಿ ಖರ್ಚಾಗೋ ಊರುಗಳ ಮೇಲೇ ಶತ್ರು ಸೈನ್ಯ ಹಾದು ಹೋಗೋ ಹಾಗೆ ರೂಟ್ ಬದಲಾಯಿಸಿದ್ರಂತೆ!

ಆಮೇಲೆ ಸ್ವೂಪ್‌ಗೆ ವಾಪಸ್ ಬಂದು ಅದರ ಹೀರೋ, ಬಾಯ್ ಸ್ಕೌಟ್ ಹುಡುಗ ಕ್ಲಾರೆನ್ಸ್, ಪೇಪರ್ ನೋಡೋ ಜಾಗ ಇನ್ನೊಂದ್ಸಲ ಓದಿ. ಸರ್ರೆ ಟೀಮಿನ ಕ್ರಿಕೆಟ್ ಸ್ಕೋರು, ಕುದುರೆ ರೇಸ್ ರಿಸಲ್ಟು, ಇವೆರಡರ ಮಧ್ಯೆ ಎಸೆಕ್ಸ್‌ನಲ್ಲಿ ಜರ್ಮನ್ ಸೈನ್ಯ ಇಳಿದಿದ್ದು ಒಂದೇ ಒಂದು ಸಾಲು. ಇಲ್ಲಿ ನಗು ಬಂದ್ರೆ ಧೈರ್ಯವಾಗಿ ಮುಂದುವರೀರಿ, ನುಗ್ಗಿ ಬಂದ ಸೇನಾಪತಿಗಳು ಮ್ಯೂಸಿಕ್ ಹಾಲ್ (ಹಾಡು, ಹಾಸ್ಯದ ಶೋ ನಡೆಯೋ ಥಿಯೇಟರ್) ಸ್ಟೇಜ್ ಹತ್ತಿ ಯಾರಿಗೆ ಸಂಬಳ ಜಾಸ್ತಿ ಅಂತ ಹೊಟ್ಟೆ ಉರ್ಕೊಳ್ಳೋ ಭಾಗ ನನ್ ಪ್ರಕಾರ ಬೆಸ್ಟು. ಚೀನಾದವರ ಹೆಸರನ್ನ ಗೇಲಿ ಮಾಡಿರೋ ಥರದ ಜೋಕುಗಳು ಈಗ ಹಳಸಿವೆ, ಸ್ಕಿಪ್ ಮಾಡಿ. ಇಷ್ಟಾದ್ಮೇಲೂ ನಗು ಬರ್ಲಿಲ್ಲ ಅಂದ್ರೆ ನಿಮಗೆ ಒಗ್ಗಲ್ಲ ಅನ್ಸುತ್ತೆ, ಬಿಟ್ಟಾಕಿ ವುಡ್‌ಹೌಸ್‌ನದೇ ಜೀವ್ಸ್ ಅನ್ನೋ ಜಾಣ ಸೇವಕನ ಕಥೆ ತಗೊಳ್ಳಿ.