ಜಪಾನಿಯರಿಗೆ ‘ಮೈಂಡ್’ ಕಲಿಸಲು ಹೋಗಿ ನಾನು ಕ್ಲಾಸನ್ನೇ ಕಳೆದುಕೊಂಡೆ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಹಿಂದೆಯೇ ಸ್ವಲ್ಪ ನಾಚಿಕೆಯೂ ಆಯಿತು. ಆಫೀಸಿನ ಜಪಾನಿ ಸಹೋದ್ಯೋಗಿಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೀರಿ. ‘ಮೈಂಡ್’ ಅನ್ನೋ ಕ್ರಿಯಾಪದಕ್ಕೆ ಏನೇನು ಅರ್ಥ, ‘ಕುಡ್ ಯು’, ‘ಡು ಯು ಮೈಂಡ್’, ‘ವುಡ್ ಯು ಮೈಂಡ್’ ಇವುಗಳಲ್ಲಿ ಯಾವುದಕ್ಕೆ ಮರ್ಯಾದೆ ಜಾಸ್ತಿ, ಹತ್ತು ವಾಕ್ಯ ಉರು ಹೊಡೆಸಿದರೆ ಸಾಕಾ ಅಂತ ಕೇಳಿದ್ದೀರಿ. ಇದೇ ಪಟ್ಟಿಯನ್ನು ನಾನೂ ಬೋರ್ಡ್ ಮೇಲೆ ಮೂರು ಬಣ್ಣದಲ್ಲಿ ಬರೆದಿದ್ದೆ.

ಆಗ ಜಪಾನಿನ ಹಮಾಮಾತ್ಸು ಊರಿನಲ್ಲಿದ್ದೆ. ಟೀಚರ್ ಅಲ್ಲ, ಎಂಜಿನಿಯರ್. ಇಂಡಿಯಾದವನು, ಇಂಗ್ಲಿಷ್ ಬರುತ್ತೆ ಅಂತ ಗುರುವಾರ ಸಂಜೆ ಆರು ಜನರಿಗೆ ಪಾಠ ಮಾಡಲು ಹೇಳಿದರು. ಅವರಲ್ಲಿ ಒಬ್ಬರು ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರು. ಅವರು ನಕ್ಕರೆ ಉಳಿದ ಐವರೂ ನಗುತ್ತಿದ್ದರು, ಅವರು ಪುಸ್ತಕ ಮುಚ್ಚಿದರೆ ಎಲ್ಲರ ಪುಸ್ತಕವೂ ಮುಚ್ಚುತ್ತಿತ್ತು.

ಆ ವಾರ ‘ಮೈಂಡ್’ ಪಾಠ. ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್’ ಅನ್ನೋದನ್ನು ಅವರು ‘ಸುವತ್ತೆ ಮೊ ಈ ದೆಸ್ ಕಾ’ ಅಂತ ಕಲಿತಿದ್ದರು, ಅಂದರೆ ‘ಕೂರಬಹುದಾ’ ಅಂತ. ಕೂರಬಹುದಾ ಅಂದರೆ ಉತ್ತರ ‘ಹೈ’, ಇಂಗ್ಲಿಷಿನಲ್ಲಿ ‘ಯೆಸ್’. ಪಾಪ, ಕೂರಿ ಅನ್ನಲು ಹೋಗಿ ‘ಕೂರಬೇಡಿ’ ಅಂದ ಹಾಗಾಗುತ್ತಿತ್ತು. ನಮಗೂ ಈ ತೊಂದರೆ ಇದೆ ನೋಡಿ. ‘ಊಟ ಮಾಡಿಲ್ವಾ?’ ಅಂದರೆ ‘ಹೂಂ, ಮಾಡಿಲ್ಲ’ ಅಂತೀವಿ. ಜಪಾನಿಯರೂ ಹಾಗೇ, ಕೇಳಿದವರ ಮಾತು ನಿಜವಾದರೆ ‘ಹೈ’. ಇಂಗ್ಲಿಷಿನಲ್ಲಿ ಅಲ್ಲಿ ‘ನೋ’ ಬರಬೇಕು. ‘ಮೈಂಡ್’ನಲ್ಲಿ ಇನ್ನೂ ಕಷ್ಟ, ಯಾಕೆಂದರೆ ವಾಕ್ಯದಲ್ಲಿ ‘ನಾಟ್’ ಎಲ್ಲೂ ಕಾಣಲ್ಲ, ‘ಬೇಡ’ ಅನ್ನೋದು ಆ ಪದದ ಹೊಟ್ಟೆಯೊಳಗೇ ಕೂತಿದೆ. ಅದಕ್ಕೆ ನಾನು ಅವರಿಗೆ ‘ಮೈಂಡ್ ಅಂದರೆ ಇಯಾ’ ಅಂದೆ, ಅಂದರೆ ಇಷ್ಟವಿಲ್ಲ ಅಂತ. ಕನ್ನಡದಲ್ಲಾದರೆ ‘ಅಭ್ಯಂತರ’. ಅಭ್ಯಂತರ ಇದೆಯಾ ಅಂದರೆ ‘ಇಲ್ಲ’ ಅನ್ನೋದು ತಾನಾಗಿಯೇ ಬರುತ್ತದೆ. ಇಷ್ಟು ಸರಿಯಾಗಿ ಹೇಳಿಕೊಟ್ಟೆ, ಅದಕ್ಕೆ ಈಗಲೂ ಸಮಾಧಾನ ಇದೆ.

ಪಾಠ ಮುಗಿಸಿ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ ಆ ಹಿರಿಯರನ್ನು ಕೇಳಿದೆ, ‘ಡು ಯು ಮೈಂಡ್ ಇಫ್ ವಿ ಮೂವ್ ದ ಕ್ಲಾಸ್ ಟು ಸ್ಯಾಟರ್ಡೇ?’ ಅವರು ಹಲ್ಲಿನ ಸಂದಿಯಿಂದ ಸ್ಸ್ ಅಂತ ಗಾಳಿ ಎಳೆದುಕೊಂಡು, ‘ಯೆಸ್... ಸ್ಯಾಟರ್ಡೇ ಈಸ್... ಎ ಲಿಟಲ್...’ ಅಂದರು. ನಾನು ಖುಷಿಯಾಗಿ ‘ಎ ಲಿಟಲ್ ಬೆಟರ್?’ ಅಂತ ಅವರ ವಾಕ್ಯ ಪೂರ್ತಿ ಮಾಡಿಬಿಟ್ಟೆ. ‘ಹೈ’ ಅಂದರು. ಕ್ಲಾಸು ಶನಿವಾರಕ್ಕೆ ಹೋಯಿತು.

ಈ ಒಂದು ನಿಮಿಷವನ್ನು ನಾನು ಎಷ್ಟು ಸಲ ಬಿಡಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಅರ್ಧ ಗಂಟೆ ಮುಂಚೆ ನಾನೇ ಕಲಿಸಿದ್ದನ್ನು ಅವರು ಕರೆಕ್ಟಾಗಿ ಹೇಳಿದ್ದರು. ಯೆಸ್, ನನಗೆ ಅಭ್ಯಂತರ ಇದೆ ಅಂತ. ನಾನು ಮಾತ್ರ ‘ಜಪಾನಿಯವರು ಯೆಸ್ ಅಂದರೆ ಒಪ್ಪಿಗೆ, ಪಾಪ ತಪ್ಪಾಡ್ತಾರೆ’ ಅಂದುಕೊಂಡೆ. ಅಂದರೆ ನನ್ನ ಪಾಠವನ್ನು ನಾನೇ ನಂಬಲಿಲ್ಲ. ಇನ್ನು ಆ ‘ಎ ಲಿಟಲ್’, ಅದು ಜಪಾನಿ ಭಾಷೆಯ ‘ಚೊತ್ತೊ’. ಅವರಲ್ಲಿ ‘ಶನಿವಾರ ಚೊತ್ತೊ...’ ಅಂತ ಎಳೆದು ನಿಲ್ಲಿಸಿದರೆ ಮಾತು ಅಲ್ಲಿಗೆ ಮುಗಿಯಿತು, ಆಗಲ್ಲ ಅಂತಲೇ ಅರ್ಥ. ‘ಶನಿವಾರ ಸ್ವಲ್ಪ...’ ಅಂತ ನಮ್ಮ ಸೋದರಮಾವ ರಾಗ ಎಳೆದಿದ್ದರೆ ನನಗೆ ತಕ್ಷಣ ಗೊತ್ತಾಗುತ್ತಿತ್ತು, ಅಲ್ವಾ? ಅದೇ ಮಾತು ಇಂಗ್ಲಿಷಿನಲ್ಲಿ ಬಂದಾಗ ಕಿವಿ ಮುಚ್ಚಿಹೋಯಿತು. ಕೊನೆಯ ‘ಹೈ’ ಒಪ್ಪಿಗೆಯೂ ಅಲ್ಲ, ‘ಕೇಳಿಸಿತು’ ಅಂತ ಅಷ್ಟೇ, ನಾವು ಫೋನಿನಲ್ಲಿ ಹಾಂ ಹಾಂ ಅನ್ನಲ್ವಾ ಹಾಗೆ.

ಮೊದಲ ಶನಿವಾರ ಆ ಹಿರಿಯರು ಬರಲಿಲ್ಲ. ಎರಡನೆಯದಕ್ಕೆ ಇಬ್ಬರು ಬಂದರು. ನಾಲ್ಕನೆಯದಕ್ಕೆ ನಾನೊಬ್ಬನೇ ಬಾಗಿಲು ತೆಗೆದು, ಲೈಟು ಹಾಕಿ, ಆರಿಸಿ ಬಂದೆ. ಯಾರೂ ಕಾರಣ ಹೇಳಲಿಲ್ಲ. ತಿಂಗಳುಗಳ ನಂತರ ತಿಳಿಯಿತು, ಶನಿವಾರ ಆ ಹಿರಿಯರು ಮೊಮ್ಮಗನ ಬೇಸ್‌ಬಾಲ್ ತಂಡದ ಜೊತೆ ಮೈದಾನದಲ್ಲಿರುತ್ತಿದ್ದರಂತೆ. ಹುಡುಗರು ಕ್ಯಾಚ್ ಬಿಟ್ಟರೆ ಅಲ್ಲಿ ‘ದೊನ್‌ಮೈ!’ ಅಂತ ಕೂಗುತ್ತಾರೆ. ಅದು ‘ಡೋಂಟ್ ಮೈಂಡ್’ನಿಂದ ಹುಟ್ಟಿದ ಪದ, ಹೋಗ್ಲಿ ಬಿಡು ಅಂತ ಅರ್ಥ. ಇಂಗ್ಲಿಷಿನವರು ಅಲ್ಲಿ ‘ನೆವರ್ ಮೈಂಡ್’ ಅನ್ನುತ್ತಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ‘ಯಾವುದಕ್ಕೆ ಮರ್ಯಾದೆ ಜಾಸ್ತಿ’ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಜಪಾನಿ ಭಾಷೆಯಲ್ಲಿ ಗೌರವಕ್ಕೆ ಮೆಟ್ಟಿಲುಗಳಿವೆ, ಕ್ರಿಯಾಪದವೇ ಬದಲಾಗುತ್ತದೆ. ಇಂಗ್ಲಿಷಿಗೂ ಅಂಥದ್ದೇ ಏಣಿ ಕಟ್ಟಿಕೊಟ್ಟರೆ ಅವರು ಎಲ್ಲದಕ್ಕೂ ತುದಿಯ ಮೆಟ್ಟಿಲನ್ನೇ ಹಿಡಿಯುತ್ತಾರೆ. ಪೆನ್ ಕೇಳಲೂ ‘ವುಡ್ ಯು ಮೈಂಡ್’. ಆದರೆ ‘ವುಡ್ ಯು ಮೈಂಡ್ ಲೋವರಿಂಗ್ ಯುವರ್ ವಾಯ್ಸ್’ ಅಂತ ಯಾರಾದರೂ ಅಂದರೆ ಅಲ್ಲಿ ಸಿಟ್ಟೂ ಇರಬಹುದು, ಬರೀ ‘ಡು ಯು ಮೈಂಡ್!’ ಅಂದರಂತೂ ಅದು ಗದರಿಕೆಯೇ. ದಿನದ ಕೆಲಸಕ್ಕೆ ‘ಕುಡ್ ಯು’ ಧಾರಾಳ ಸಾಕು.

‘ಮೈಂಡ್’ ಅನ್ನು ಅವರು ಕೇಳಿ ಅರ್ಥ ಮಾಡಿಕೊಳ್ಳಲಿ, ಉತ್ತರ ಕೊಡಲು ಕಲಿಯಲಿ. ಬರೀ ಯೆಸ್, ನೋ ಅಂತ ಉತ್ತರ ಕೊಡೋ ಅಭ್ಯಾಸ ಬಿಡಿಸಿ. ಒಪ್ಪಿಗೆಯಾದರೆ ‘ಶ್ಯೂರ್, ಗೋ ಅಹೆಡ್’ ಅಥವಾ ‘ನಾಟ್ ಅಟ್ ಆಲ್’. ಇಂಗ್ಲಿಷ್ ಮನೆಮಾತಿನವರೇ ‘ಡು ಯು ಮೈಂಡ್’ಗೆ ‘ಶ್ಯೂರ್’ ಅನ್ನುತ್ತಾರೆ, ವ್ಯಾಕರಣ ಹಿಡಿದು ಯಾರೂ ಜಗಳ ಆಡಲ್ಲ. ಬರೆಯುವವರಿಗೆ ಒಂದೇ ಮಾತು ಹೇಳಿ: ‘ವುಡ್ ಯು ಮೈಂಡ್ ಟು ಸೆಂಡ್’ ಅಲ್ಲ, ‘ಸೆಂಡಿಂಗ್’. ಉಳಿದ ಅರ್ಥಗಳು ಸುಲಭ. ಮಗು ನೋಡಿಕೊಳ್ಳೋದೂ ‘ಮೈಂಡ್’, ಜೋಪಾನ ಅನ್ನೋದೂ ‘ಮೈಂಡ್’. ಲಂಡನ್ ಮೆಟ್ರೋದಲ್ಲಿ 1968ರಿಂದ ಕೂಗುತ್ತಿರುವ ‘ಮೈಂಡ್ ದ ಗ್ಯಾಪ್’ (ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿ ಜೋಪಾನ) ಕೇಳಿಸಿದರೆ ಆ ಭಾಗ ಐದು ನಿಮಿಷದಲ್ಲಿ ಮುಗಿಯುತ್ತದೆ.

ಉಳಿದ ಸಮಯವೆಲ್ಲ ‘ಆಗಲ್ಲ’ ಅನ್ನೋದಕ್ಕೆ ಕೊಡಿ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ. ಒಬ್ಬರು ಕ್ಲಾಸಿನ ದಿನ ಬದಲಿಸೋಣವಾ ಅಂತ ಕೇಳಲಿ, ಇನ್ನೊಬ್ಬರು ‘ಆ್ಯಕ್ಚುವಲಿ, ಸ್ಯಾಟರ್ಡೇ ಈಸ್ ಡಿಫಿಕಲ್ಟ್ ಫಾರ್ ಮಿ’ ಅಂತ ಪೂರ್ತಿ ವಾಕ್ಯ ಹೇಳಲಿ. ‘ಎ ಲಿಟಲ್’ ಅಂತ ನಿಂತರೆ ನೀವು ಬಾಯಿ ಹಾಕಬೇಡಿ, ಎಷ್ಟು ಹೊತ್ತಾದರೂ ಕಾಯಿರಿ.