ಬಾಗಿಲವರೆಗೆ ಮೂರು ಸಲ

(ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 43 ವರ್ಷ. ಲೆಕ್ಕಪತ್ರ ನೋಡುವ ಕೆಲಸ. ಸಲಹೆಗಾರ್ತಿಯಾದ ನನ್ನ ಬಳಿ ಬಂದಾಗ ಕುಡಿತ ಬಿಟ್ಟು 19 ದಿನ ಆಗಿತ್ತು. ಕೂತ ತಕ್ಷಣ ಹೇಳಿದರು: "ಮೇಡಂ, ಎಎ ಮೀಟಿಂಗ್ ನಡೆಯೋ ಜಾಗಕ್ಕೆ ಮೂರು ಸಲ ಹೋದೆ. ಮೂರೂ ಸಲ ಬಾಗಿಲಿಂದಲೇ ವಾಪಸ್ ಬಂದೆ." ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು.

ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿದ್ದರು. ನನಗೋ ಅದು ಒಳ್ಳೆಯ ಸುದ್ದಿ ಅನಿಸಿತು. ಬೇಡ ಅನ್ನುವವರು ಎರಡನೇ ಸಲ ಆ ಕಡೆ ತಲೆ ಹಾಕುವುದಿಲ್ಲ.

ಮೊದಲು ಕೇಳಿದ್ದು ಕುಡಿತ ಬಿಟ್ಟದ್ದು ಹೇಗೆ ಅಂತ. ಆಸ್ಪತ್ರೆಯಲ್ಲಿ, ಡಾಕ್ಟರ್ ಕಣ್ಣೆದುರು ಅಂದರು. ಸಮಾಧಾನ ಆಯಿತು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗಬಹುದು, ಮೈಯೆಲ್ಲ ಬೆವರಬಹುದು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ, ತಾವು ಎಲ್ಲಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ. ಅದು ಜೀವಕ್ಕೇ ಅಪಾಯ. ಗುಂಪು ಎಷ್ಟೇ ಒಳ್ಳೆಯದಿರಲಿ, ಇದಕ್ಕೆ ಡಾಕ್ಟರೇ ಬೇಕು. ಮೊದಲು ಅವರನ್ನು ಕಾಣಬೇಕು.

"ಬಾಗಿಲಲ್ಲಿ ಏನಾಗುತ್ತೆ?" ಅಂತ ಕೇಳಿದೆ.

"ಒಳಗೆ ನಗು ಕೇಳಿಸುತ್ತೆ ಮೇಡಂ. ಎಲ್ಲರೂ ಪರಿಚಯ ಇರೋರ ಹಾಗೆ. ನಾನು ಹೋಗಿ ನಿಂತರೆ ಎಲ್ಲರೂ ತಿರುಗಿ ನೋಡ್ತಾರೆ. ಗುರುತಿನವರು ಯಾರಾದರೂ ಇದ್ದರೆ? ಎದ್ದು ನಿಂತು ಮಾತಾಡು ಅಂದರೆ?"

ಗುರುತಿನವರು ಇರಬಹುದು. ಆದರೆ ಕುಡಿತದ ತೊಂದರೆ ಇರುವವರಿಗಷ್ಟೇ ಇರುವ ಮೀಟಿಂಗೂ ಇರುತ್ತದೆ. ಅದಕ್ಕೆ ಕ್ಲೋಸ್ಡ್ ಮೀಟಿಂಗ್ ಅನ್ನುತ್ತಾರೆ. ಅಲ್ಲಿ ಸಿಕ್ಕ ಗುರುತಿನವರು ನಿಮ್ಮಂಥದೇ ಕಷ್ಟ ಇಟ್ಟುಕೊಂಡು ಬಂದಿರುತ್ತಾರೆ, ಅಲ್ವಾ? ಇನ್ನು ಮಾತು: "ಇವತ್ತು ಸುಮ್ನೆ ಕೇಳ್ತೀನಿ" ಅಂದರೆ ಸಾಕು, ಯಾರೂ ಒತ್ತಾಯ ಮಾಡುವುದಿಲ್ಲ. ಶುಲ್ಕ ಇಲ್ಲ, ಅರ್ಜಿ ಇಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಒಂದಿದ್ದರೆ ಸದಸ್ಯರಾದ ಹಾಗೆ.

ಲೆಕ್ಕದ ಮನುಷ್ಯರು, ಪ್ರಶ್ನೆಯೂ ಹಾಗೇ ಬಂತು. "ಇದರಿಂದ ಉಪಯೋಗ ಆಗುತ್ತೆ ಅನ್ನೋದಕ್ಕೆ ಏನಾದರೂ ಲೆಕ್ಕ ಇದೆಯಾ?" ಇದೆ. 2020ರಲ್ಲಿ, ಚಿಕಿತ್ಸೆಗಳ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಸಲಹೆಗಾರರೇ ಕ್ರಮವಾಗಿ ಎಎ ಕಡೆಗೆ ದಾಟಿಸಿದವರಲ್ಲಿ ಪೂರ್ತಿ ಕುಡಿಯದೆ ಉಳಿದವರು ಬೇರೆ ಚಿಕಿತ್ಸೆ ಪಡೆದವರಿಗಿಂತ ಜಾಸ್ತಿ ಇದ್ದರು. ದಾಟಿಸುವುದು ಅನ್ನುವ ಮಾತು ನನಗೆ ಮುಖ್ಯ. ಬರೀ ವಿಳಾಸದ ಚೀಟಿ ಕೊಟ್ಟರೆ ಅದು ಜೇಬಲ್ಲೇ ಉಳಿಯುತ್ತದೆ.

ಹಾಗಾಗಿ ಎಎ ನಂಬರಿಗೆ ಅಲ್ಲೇ ಫೋನ್ ಮಾಡೋಣ ಅಂದೆ. ಅವರು ಮೊಬೈಲನ್ನು ಪ್ಯಾಂಟಿಗೆ ಎರಡು ಸಲ ಒರೆಸಿದರು. ನಂಬರ್ ಒತ್ತಿ ಕಟ್ ಮಾಡಿದರು. ಮತ್ತೆ ಒತ್ತಿದರು. "ಮೊದಲ ಸಲ ಬರ್ತಿದ್ದೀನಿ" ಅನ್ನುವಷ್ಟರಲ್ಲಿ ಗಂಟಲು ಕಟ್ಟಿತು. ಆ ಕಡೆಯವರು ಹೆಸರು ಕೇಳಲಿಲ್ಲ. "ಹತ್ತು ನಿಮಿಷ ಮುಂಚೆ ಬನ್ನಿ, ನಾನು ಬಾಗಿಲಲ್ಲೇ ಇರ್ತೀನಿ" ಅಂದರು. ನಾನು ಒಂದು ಗಂಟೆ ಹೇಳಿದ್ದಕ್ಕಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತು.

ಮುಂದಿನ ವಾರ ಬಂದವರ ಮುಖ ಸಪ್ಪಗಿತ್ತು. ಒಬ್ಬರೇ ಮಾತಾಡುತ್ತಾ ಹೋದರಂತೆ. ದೇವರ ಹೆಸರು ಬೇರೆ. "ನನಗೆ ನಂಬಿಕೆ ಇಲ್ಲ ಮೇಡಂ, ಇದು ನನಗಲ್ಲ."

ಒಂದು ಮೀಟಿಂಗ್ ನೋಡಿ ತೀರ್ಮಾನ ಮಾಡಬೇಡಿ ಅಂದೆ. ಬೇರೆ ಬೇರೆ ಗುಂಪಿಗೆ ಹೋಗಿ, ಕಡಿಮೆ ಅಂದರೂ ಐದಾರು ಮೀಟಿಂಗ್ ನೋಡಿ. ಒಂದು ಗುಂಪಿನ ಹಾಗೆ ಇನ್ನೊಂದು ಇರುವುದಿಲ್ಲ. ದೇವರ ವಿಷಯದಲ್ಲಿ 'ನಾವು ಅರ್ಥ ಮಾಡಿಕೊಂಡಂತೆ' ಅನ್ನುವ ಮಾತು, ಕುಡಿತದಿಂದ ಹೊರಬರಲು ಎಎಯವರು ಪಾಲಿಸುವ ಹನ್ನೆರಡು ಹೆಜ್ಜೆಗಳಲ್ಲೇ ಇದೆ. ಎಷ್ಟೋ ಜನ ಆ ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಅಂದುಕೊಂಡು ಕೂರುತ್ತಾರೆ. ಅದೂ ಒಗ್ಗದಿದ್ದರೆ ಸ್ಮಾರ್ಟ್ ರಿಕವರಿ ಅನ್ನುವ ಬೇರೆ ಗುಂಪುಗಳಿವೆ, 1994ರಿಂದ. ಅಲ್ಲಿ ದೇವರ ಮಾತಿಲ್ಲ, ಆಸೆ ಬಂದಾಗ ಅದನ್ನು ನಿಭಾಯಿಸುವ ಅಭ್ಯಾಸ ಮಾಡಿಸುತ್ತಾರೆ. ಆನ್‌ಲೈನ್ ಮೀಟಿಂಗೂ ಉಂಟು.

ಮೂರನೇ ಗುಂಪು ಹಿಡಿಸಿತು. ಅದೂ ಎಎ ಗುಂಪೇ. ಅಲ್ಲಿ ಎಷ್ಟೋ ವರ್ಷದಿಂದ ಕುಡಿಯದ ಹಿರಿಯರೊಬ್ಬರನ್ನು ತಮ್ಮ ಸ್ಪಾನ್ಸರ್, ಅಂದರೆ ಜೊತೆಗಿದ್ದು ದಾರಿ ತೋರಿಸುವವರು, ಆಗಿ ಅಂತ ಕೇಳಿಕೊಂಡರು.

ಏಳನೇ ವಾರ ಒಂದು ರಾತ್ರಿ ಕುಡಿದರು. ಕೆಲಸದ ಒತ್ತಡ, ಖಾಲಿ ಹೊಟ್ಟೆ, ಮನೆಯಲ್ಲಿ ಯಾರೂ ಇರಲಿಲ್ಲ. ಮರುದಿನ ನನಗೆ ಮಾಡಿದ ಫೋನಿನಲ್ಲಿ ಹೇಳಿದ್ದು ಒಂದೇ: "ಇನ್ನು ಯಾವ ಮುಖ ಇಟ್ಕೊಂಡು ಹೋಗಲಿ?" ಅದೇ ಮುಖ ಇಟ್ಟುಕೊಂಡು ಇವತ್ತೇ ಹೋಗಿ ಅಂದೆ. ಸ್ಪಾನ್ಸರ್‌ಗೆ ಮೊದಲು ತಿಳಿಸಿ, ಡಾಕ್ಟರಿಗೂ ಹೇಳಿ. ಕುಡಿಯುವ ಸೆಳೆತ ಕಡಿಮೆ ಮಾಡುವ ಮಾತ್ರೆಗಳಿವೆ, ಅದನ್ನು ಅವರೇ ನೋಡಿ ಕೊಡಬೇಕು. ಸಂಜೆ ಹೋದರು. ಮತ್ತೆ ಒಂದನೇ ದಿನ ಅಂತ ಎಲ್ಲರೆದುರು ಹೇಳಿದರು. ಯಾರೂ ಬುದ್ಧಿ ಹೇಳಲಿಲ್ಲವಂತೆ, ಪಕ್ಕದವರು ಕುರ್ಚಿ ಹತ್ತಿರ ಎಳೆದುಕೊಂಡರಂತೆ.

ಈಗ ನನ್ನ ಯೋಚನೆ ಅವರ ಹೆಂಡತಿಯದು. ಅವರು ಇವತ್ತಿಗೂ ಗಂಡನ ಅಂಗಿ ಒಗೆಯುವ ಮುಂಚೆ ಮೂಸಿ ನೋಡುತ್ತಾರೆ. ಕುಡಿಯುವವರ ಮನೆಯವರಿಗಾಗಿಯೇ 1951ರಿಂದ ಅಲ್-ಅನಾನ್ ಗುಂಪುಗಳಿವೆ ಅಂದಾಗ, "ಕುಡಿದದ್ದು ಅವರು, ನಾನ್ಯಾಕೆ ಹೋಗಲಿ?" ಅಂದರು. ಆಮೇಲೆ ತುಂಬಾ ಹೊತ್ತು ಅತ್ತರು. ನಂಬರ್ ಬರೆದುಕೊಂಡಿದ್ದಾರೆ. ಮುಂದಿನ ವಾರ ಇಲ್ಲಿಂದಲೇ ಫೋನ್ ಮಾಡುತ್ತೇವೆ.