ಸೂತ್ರ ಸರಿ, ಉತ್ತರ ತಪ್ಪು

ಪಿಯು ವಿಜ್ಞಾನ ವಿದ್ಯಾರ್ಥಿಗಳ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಆಕ್ಸಾಲಿಕ್ ಆಮ್ಲದ ದ್ರಾವಣ 0.05 ಮೋಲಾರ್, ಪಿಪೆಟ್‌ನಲ್ಲಿ ತೆಗೆದದ್ದು 10 ಎಂಎಲ್. ಬ್ಯುರೆಟ್‌ನಿಂದ ಇಳಿದ ಪೊಟ್ಯಾಸಿಯಂ ಪರ್ಮಾಂಗನೇಟ್ 9.8 ಎಂಎಲ್. ಪರ್ಮಾಂಗನೇಟ್‌ನ ಮೊಲಾರಿಟಿ ನನಗೆ 0.051 ಬಂತು, ಪಕ್ಕದವಳಿಗೆ 0.0204. ರೀಡಿಂಗ್ ಇಬ್ಬರದೂ ಒಂದೇ. ಇದಲ್ಲದೆ ಒಂದು ಸಲ ಫ್ಲಾಸ್ಕ್‌ನಲ್ಲಿ ಕಂದು ಬಣ್ಣ ಬಂದು ಎಲ್ಲ ಚೆಲ್ಲಬೇಕಾಯಿತು. ಎಲ್ಲಿ ತಪ್ಪಿದೆ?
— ದ್ವಿತೀಯ ಪಿಯು ವಿದ್ಯಾರ್ಥಿನಿ, ಶಿರಸಿ

ಉತ್ತರ: ಪಕ್ಕದವಳದ್ದೇ ಸರಿ. ನೀವು ಮೊಲಾರಿಟಿ × ಗಾತ್ರ ಎಂಬುದನ್ನು ಎರಡೂ ಕಡೆ ಸಮ ಮಾಡಿದ್ದೀರಿ. ಒಂದೇ ದ್ರಾವಣಕ್ಕೆ ನೀರು ಬೆರೆಸುವ ಲೆಕ್ಕಕ್ಕೆ ಅದು ಸಾಕು, ಇಲ್ಲಿ ಸಾಲದು. ಸಮತೋಲನ ಮಾಡಿದ ಸಮೀಕರಣದಲ್ಲಿ 2 ಮೋಲ್ ಪರ್ಮಾಂಗನೇಟ್ 5 ಮೋಲ್ ಆಕ್ಸಾಲಿಕ್ ಆಮ್ಲದೊಂದಿಗೆ ವರ್ತಿಸುತ್ತದೆ. ಆದ್ದರಿಂದ ಲೆಕ್ಕ ಹೀಗೆ:

(2 × 0.05 × 10) ÷ (5 × 9.8) = 0.0204 ಮೋಲಾರ್.

ನಿಮ್ಮ ಉತ್ತರ ಸರಿಯುತ್ತರದ ಎರಡೂವರೆ ಪಟ್ಟಿದೆ. ಆ ಎರಡೂವರೆಯೇ ಬಿಟ್ಟುಹೋದ 5/2. ಉತ್ತರ ತಪ್ಪಿದಾಗ ಎಷ್ಟು ಪಟ್ಟು ತಪ್ಪಿದೆ ಎಂದು ಭಾಗಿಸಿ ನೋಡುವುದು ಒಳ್ಳೆಯ ಅಭ್ಯಾಸ. ಎಷ್ಟೋ ಸಲ ಕಳ್ಳ ಅಲ್ಲೇ ಸಿಕ್ಕಿಬೀಳುತ್ತಾನೆ.

ಈ ಗೊಂದಲಕ್ಕೆ ಒಂದು ಮೂಲವಿದೆ. ನಾರ್ಮಾಲಿಟಿ ಅಂದರೆ ಇಲ್ಲಿ ಮೊಲಾರಿಟಿಯನ್ನು ಕೊಡುವ ಅಥವಾ ಪಡೆಯುವ ಎಲೆಕ್ಟ್ರಾನುಗಳ ಸಂಖ್ಯೆಯಿಂದ (ಆಕ್ಸಾಲಿಕ್ ಆಮ್ಲಕ್ಕೆ 2, ಪರ್ಮಾಂಗನೇಟ್‌ಗೆ 5) ಗುಣಿಸಿದ್ದು. ಅದರಲ್ಲಿ ಲೆಕ್ಕ ಹಾಕಿದರೆ ಎರಡೂ ಕಡೆ ನೇರವಾಗಿ ಸಮ ಮಾಡಬಹುದು. 0.05 ಮೋಲಾರ್ ಆಕ್ಸಾಲಿಕ್ ಆಮ್ಲ ಅಂದರೆ 0.1 ನಾರ್ಮಲ್, ಪರ್ಮಾಂಗನೇಟ್ 0.102 ನಾರ್ಮಲ್ ಬರುತ್ತದೆ. 5ರಿಂದ ಭಾಗಿಸಿದರೆ ಮತ್ತದೇ 0.0204. ಹಳೆಯ ನೋಟ್ಸಿನಲ್ಲಿ ನಾರ್ಮಾಲಿಟಿಗೆಂದು ಬರೆದಿದ್ದ ಸೂತ್ರವನ್ನು ಮೊಲಾರಿಟಿಗೆ ಹಚ್ಚಿದರೆ ನಿಮಗಾದದ್ದೇ ಆಗುತ್ತದೆ.

ಇನ್ನು ಕಂದು ಬಣ್ಣ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಆಮ್ಲ ಸಾಲದಿದ್ದರೆ, ಫ್ಲಾಸ್ಕ್ ತಣ್ಣಗಾಗಿದ್ದರೆ ಅಥವಾ ಪರ್ಮಾಂಗನೇಟನ್ನು ಒಮ್ಮೆಲೇ ಸುರಿದರೆ ಪರ್ಮಾಂಗನೇಟ್ ಪೂರ್ತಿ ಅಪಕರ್ಷಣೆಯಾಗದೆ ನಡುದಾರಿಯಲ್ಲೇ ನಿಲ್ಲುತ್ತದೆ. ಸಾರರಿಕ್ತ ಸಲ್ಫ್ಯೂರಿಕ್ ಆಮ್ಲವನ್ನು ಕೈಬಿಚ್ಚಿ ಹಾಕಿ. ಒಂದು ಪ್ರನಾಳದಷ್ಟು ಹಾಕಿದರೂ ಲೆಕ್ಕ ಕೆಡುವುದಿಲ್ಲ. 60–70 ಡಿಗ್ರಿಗೆ ಬಿಸಿ ಮಾಡಿ, ಕುದಿಸಬೇಡಿ. ಕುದಿಸಿದರೆ ಆಕ್ಸಾಲಿಕ್ ಆಮ್ಲವೇ ಒಡೆದುಹೋಗುತ್ತದೆ. ಮೊದಲ ಕೆಲವು ಹನಿಗಳ ಬಣ್ಣ ಬೇಗ ಹೋಗುವುದಿಲ್ಲ. ಅದನ್ನು ಕಂಡು ಅಂತ್ಯಬಿಂದು ಬಂತೆಂದು ನಿಲ್ಲಿಸುವವರಿದ್ದಾರೆ. ಕಾಯಿರಿ, ಫ್ಲಾಸ್ಕ್ ತಿರುಗಿಸುತ್ತಿರಿ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಅದೇ ಕ್ರಿಯೆಗೆ ವೇಗವರ್ಧಕ, ಹಾಗಾಗಿ ಆಮೇಲೆ ಬಣ್ಣ ಬಿದ್ದ ಕೂಡಲೇ ಮಾಯವಾಗುತ್ತದೆ. ತಿಳಿಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಮುಗಿಯಿತು.

ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಅದರ ಕ್ಲೋರೈಡನ್ನೂ ಪರ್ಮಾಂಗನೇಟ್ ಕ್ಲೋರಿನ್ ಮಾಡಿ ರೀಡಿಂಗ್ ಏರಿಸುತ್ತದೆ. ನೈಟ್ರಿಕ್ ಆಮ್ಲ ತಾನೇ ಉತ್ಕರ್ಷಕ, ಅದೂ ಬೇಡ. ಬ್ಯುರೆಟ್‌ನ ದ್ರಾವಣ ಗಾಢ ಬಣ್ಣದ್ದಾದ್ದರಿಂದ ಮೇಲಂಚನ್ನು ಓದಬೇಕು. ಬ್ಯುರೆಟ್, ಪಿಪೆಟ್‌ಗಳನ್ನು ಅವುಗಳಲ್ಲಿ ತುಂಬುವ ದ್ರಾವಣದಿಂದಲೇ ಜಾಲಾಡಿಸಿ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ಭಟ್ಟಿಯಿಳಿಸಿದ ನೀರಿನಿಂದ. ಪಿಪೆಟ್ ತುದಿಯ ಕೊನೆಯ ಹನಿಯನ್ನು ಊದಿ ಹಾಕಬೇಡಿ. ಆಕ್ಸಾಲಿಕ್ ಆಮ್ಲದ ಬದಲು ಮೋರ್ಸ್ ಸಾಲ್ಟ್ ಕೊಟ್ಟರೆ ಬಿಸಿ ಮಾಡುವುದೇ ಬೇಡ: ಬಿಸಿಗೆ ಅದರ ಫೆರಸ್ ಕಬ್ಬಿಣ ಗಾಳಿಯಲ್ಲೇ ಫೆರಿಕ್ ಆಗಿಬಿಡುತ್ತದೆ. ಅಲ್ಲಿ ಅನುಪಾತವೂ ಬೇರೆ, 1ಕ್ಕೆ 5.

ಪ್ರಶ್ನೆ: ನೆಲದ ಮೇಲೆ 5 ಕೆಜಿ ಪೆಟ್ಟಿಗೆ. ಸ್ಥಿತ ಘರ್ಷಣಾಂಕ 0.4, ಚಲನ ಘರ್ಷಣಾಂಕ 0.3. ಅಡ್ಡಲಾಗಿ 10 ನ್ಯೂಟನ್ ಬಲದಿಂದ ಎಳೆದರೆ ಘರ್ಷಣೆ ಎಷ್ಟು? 0.4 × 50 = 20 ಎಂದು ಬರೆದೆ, ತಪ್ಪು ಹಾಕಿದ್ದಾರೆ.
— ವಿದ್ಯಾರ್ಥಿ, ಹೊಸದುರ್ಗ

ಉತ್ತರ: ನಿಮ್ಮ ಉತ್ತರ ನಿಜವಾಗಿದ್ದರೆ ಪೆಟ್ಟಿಗೆ ಹಿಂದಕ್ಕೆ ಓಡಬೇಕಿತ್ತು! ಮುಂದಕ್ಕೆ 10, ಹಿಂದಕ್ಕೆ 20. ಅಂಥ ಪೆಟ್ಟಿಗೆಯನ್ನು ಯಾರೂ ಕಂಡಿಲ್ಲ.

20 ನ್ಯೂಟನ್ ಎಂಬುದು ಸ್ಥಿತ ಘರ್ಷಣೆಯ ಗರಿಷ್ಠ ಮಿತಿ. ಅಲ್ಲಿಯವರೆಗೆ ನೀವು ಎಷ್ಟು ಎಳೆಯುತ್ತೀರೋ ಅದೂ ಅಷ್ಟೇ ತಡೆಯುತ್ತದೆ. 10ಕ್ಕೆ 10, 17ಕ್ಕೆ 17, ಎಳೆಯದೇ ಇದ್ದರೆ ಸೊನ್ನೆ. 24 ನ್ಯೂಟನ್ ಎಳೆದರೆ ಮಿತಿ ದಾಟುತ್ತದೆ, ಪೆಟ್ಟಿಗೆ ಜಾರುತ್ತದೆ, ಆಗ ಘರ್ಷಣೆ 0.3 × 50 = 15. ಉಳಿದ 9 ನ್ಯೂಟನ್‌ಗೆ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 1.8 ಮೀಟರ್. (ಗುರುತ್ವ 10 ಎಂದು ಹಿಡಿದಿದ್ದೇವೆ.) ಅಂದರೆ ಮೊದಲ ಪ್ರಶ್ನೆ ಘರ್ಷಣೆ ಎಷ್ಟು ಎಂಬುದಲ್ಲ, ಪೆಟ್ಟಿಗೆ ಜಾರುತ್ತದೋ ಇಲ್ಲವೋ ಎಂಬುದು.

ಮುಂದಿನ ಪರೀಕ್ಷೆಯಲ್ಲಿ ಹಗ್ಗವನ್ನು ಓರೆಯಾಗಿಸಿ ಕೇಳುತ್ತಾರೆ, ಅದಕ್ಕೂ ಸಿದ್ಧವಾಗಿರಿ. 19 ನ್ಯೂಟನ್‌ನಿಂದ ಅಡ್ಡಲಾಗಿ ಎಳೆದರೆ ಈ ಪೆಟ್ಟಿಗೆ ಕದಲದು. ಅದೇ 19ನ್ನು 30 ಡಿಗ್ರಿ ಮೇಲ್ಮುಖವಾಗಿ ಎಳೆಯಿರಿ. ಮೇಲಕ್ಕೆತ್ತುವ ಭಾಗ 9.5, ನೆಲದ ಮೇಲಿನ ಒತ್ತಡ 50ರಿಂದ 40.5ಕ್ಕೆ ಇಳಿಯಿತು, ಘರ್ಷಣೆಯ ಮಿತಿ 16.2. ಅಡ್ಡ ಭಾಗ 19 × 0.866, ಅಂದರೆ ಸುಮಾರು 16.5. ಪೆಟ್ಟಿಗೆ ಜಾರಿತು! ಅದೇ ಕೋನದಲ್ಲಿ ಕೆಳಮುಖವಾಗಿ ತಳ್ಳಿದರೆ ಒತ್ತಡ 59.5, ಮಿತಿ 23.8, ಪೆಟ್ಟಿಗೆ ಬಿಲ್‌ಕುಲ್ ಅಲ್ಲಾಡದು. ಅಕ್ಕಿ ಮೂಟೆಯನ್ನು ಬಗ್ಗಿ ತಳ್ಳುವುದಕ್ಕಿಂತ ಕಿವಿ ಹಿಡಿದು ಎಳೆಯುವುದು ಸಲೀಸು ಎಂದು ಮಂಡಿಯ ಹಮಾಲರಿಗೆ ಯಾರೂ ಪಾಠ ಮಾಡಬೇಕಿಲ್ಲ. ಘರ್ಷಣಾಂಕದಿಂದ ಗುಣಿಸಬೇಕಾದದ್ದು ತೂಕವನ್ನಲ್ಲ, ಲಂಬ ಪ್ರತಿಬಲವನ್ನು.

ಪ್ರಶ್ನೆ: 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 8 ಏಕಲ್ಲ?
— ಓದುಗರು, ಸಿಂಧನೂರು

ಉತ್ತರ: ನೀರಿಗೆ ಆಮ್ಲ ಹಾಕಿದರೆ ಅದು ಕ್ಷಾರವಾದೀತೇ? 25 ಡಿಗ್ರಿಯಲ್ಲಿ ಬರೀ ನೀರಿನಲ್ಲೇ ಹೈಡ್ರೋಜನ್ ಅಯಾನು 10⁻⁷ ಇದೆ, ನಿಮ್ಮ ಆಮ್ಲದ ಹತ್ತು ಪಟ್ಟು. ಅದನ್ನು ಬಿಡುವಂತಿಲ್ಲ. ಎರಡನ್ನೂ ಸುಮ್ಮನೆ ಕೂಡಿದರೆ 1.1 × 10⁻⁷, ಪಿಎಚ್ 6.96. ಇದೂ ಪೂರ್ತಿ ಸರಿಯಲ್ಲ, ಏಕೆಂದರೆ ಆಮ್ಲ ಸೇರಿದ ಮೇಲೆ ನೀರಿನ ಅಯಾನೀಕರಣ ಕೊಂಚ ತಗ್ಗುತ್ತದೆ. ನೀರಿನ ಪಾಲನ್ನು ಎಕ್ಸ್ ಎಂದಿಟ್ಟು, ಎಕ್ಸ್ × (ಎಕ್ಸ್ + 10⁻⁸) = 10⁻¹⁴ ಎಂಬ ವರ್ಗ ಸಮೀಕರಣ ಬಿಡಿಸಿದರೆ ಎಕ್ಸ್ 9.5 × 10⁻⁸, ಒಟ್ಟು 1.05 × 10⁻⁷, ಪಿಎಚ್ 6.98. ಆಮ್ಲ 10⁻⁶ ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೀರಿನ ಪಾಲು ಶೇ 1ರ ಆಸುಪಾಸು ಅಥವಾ ಇನ್ನೂ ಕಡಿಮೆ, ಆಗ ಬಿಡಬಹುದು.

ಪ್ರಶ್ನೆ: ಸೈನ್ 2ಎಕ್ಸ್‌ನ ಅನುಕಲನಕ್ಕೆ ಮಗಳು ಸೈನ್ ವರ್ಗ ಎಕ್ಸ್ ಎಂದು ಬರೆದಿದ್ದಾಳೆ. ನನಗೆ ಮೈನಸ್ ಕಾಸ್ ವರ್ಗ ಎಕ್ಸ್ ಬಂತು. ಪುಸ್ತಕದ ಹಿಂದೆ ಮೈನಸ್ ಅರ್ಧ ಕಾಸ್ 2ಎಕ್ಸ್ ಎಂದಿದೆ. ಯಾವುದನ್ನು ನಂಬಬೇಕು?
— ಪೋಷಕರು, ಧಾರವಾಡ

ಉತ್ತರ: ಮೂರನ್ನೂ, ಆದರೆ ಕೊನೆಗೆ ಸ್ಥಿರಾಂಕ ಬರೆದಿದ್ದರೆ ಮಾತ್ರ. ಮಗಳ ಉತ್ತರದಿಂದ ನಿಮ್ಮದನ್ನು ಕಳೆದರೆ ಸೈನ್ ವರ್ಗ + ಕಾಸ್ ವರ್ಗ, ಅಂದರೆ 1. ಪುಸ್ತಕದ್ದನ್ನು ಕಳೆದರೆ 1/2. ವ್ಯತ್ಯಾಸ ಬರೀ ಸ್ಥಿರ ಸಂಖ್ಯೆ, ಅದು ಸ್ಥಿರಾಂಕದೊಳಗೆ ಅಡಗುತ್ತದೆ. ಮಗಳು ಸೈನ್ ಎಕ್ಸ್ ಅನ್ನು ಆದೇಶಿಸಿರಬೇಕು, ನೀವು ಕಾಸ್ ಎಕ್ಸ್ ಅನ್ನು. ಸೊನ್ನೆಯಿಂದ ಪೈ/2ರವರೆಗೆ ಬೆಲೆ ಹಾಕಿ ನೋಡಿ: ಮೂರರಲ್ಲೂ 1 ಬರುತ್ತದೆ. ಹಿಂದಿನ ಪುಟದ ಉತ್ತರಕ್ಕೆ ಹೊಂದಲಿಲ್ಲವೆಂದು ಮಗಳು ಬಿಡಿಸಿದ್ದನ್ನು ಹೊಡೆದು ಹಾಕುವ ಮೊದಲು ಅವಳ ಉತ್ತರವನ್ನು ಒಮ್ಮೆ ಅವಕಲಿಸಿ. ಸೈನ್ 2ಎಕ್ಸ್ ವಾಪಸ್ ಬಂದರೆ ಅದಕ್ಕೆ ಸರಿ ಗುರುತು ಹಾಕಿ.